ಟೌನ್ ಹಾಲ್ ಹತ್ತಿರದ ಅರ್ಜಿ ಅಂಗಡಿ: ಐದಕ್ಕೆ ನಾಲ್ಕು

ಮೊದಲೇ ಹೇಳಿಬಿಡುತ್ತೇನೆ, ಈ ಅಂಗಡಿಗೆ ಬೋರ್ಡಿಲ್ಲ. ಗೋಡೆ ಮೇಲೆ ನೀಲಿ ಬಣ್ಣದಲ್ಲಿ 'ಜೆರಾಕ್ಸ್, ಕನ್ನಡ ಟೈಪಿಂಗ್, ಅರ್ಜಿ' ಎಂದು ಬರೆಸಿದ್ದರು. ಮಳೆ ಬಿದ್ದೂ ಬಿದ್ದೂ ಈಗ 'ಅರ್ಜಿ' ಒಂದೇ ಉಳಿದಿದೆ. ತುಮಕೂರಿನ ಟೌನ್ ಹಾಲ್ ಸರ್ಕಲ್‌ನಿಂದ ನಡೆದೇ ಹೋಗಬಹುದು. ಸ್ಕೂಟರ್ ನಿಲ್ಲಿಸಲು ಜಾಗ ಇಲ್ಲ. ಒಳಗೆ ಕೂರಲು ಒಂದೇ ಸ್ಟೂಲ್, ಅದರ ಮೇಲೂ ಪೇಪರ್ ಕಟ್ಟು ಇಟ್ಟಿರುತ್ತಾರೆ.

ಒಳಗೆ ಇಬ್ಬರು. ಟೈಪ್ ಮಾಡುವ ಹುಡುಗಿ, ಮತ್ತೆ ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೂರುವ ಯಜಮಾನರು. ಹುಡುಗಿ ಮಾತಾಡುವುದಿಲ್ಲ. ಯಜಮಾನರು ನಿಲ್ಲಿಸುವುದಿಲ್ಲ.

ನಾವು ಹೋದದ್ದು ಬಡಾವಣೆ ಸಂಘದ ಬೇಡಿಕೆ ಪತ್ರ ಟೈಪ್ ಮಾಡಿಸಲು. ನಾನು, ನಮ್ಮ ಖಜಾಂಚಿ ಇಬ್ಬರೇ. ಮೀಟಿಂಗ್‌ನಲ್ಲಿ ಯಾರ್ಯಾರು ಏನೇನು ಕೂಗಿದರೋ ಅದನ್ನೆಲ್ಲ ಬರೆದುಕೊಂಡಿದ್ದೆವು, ಒಟ್ಟು ಹನ್ನೊಂದು ಬೇಡಿಕೆ, ಎಲ್ಲವೂ 'ಪಾಲಿಕೆ ಆಯುಕ್ತರಿಗೆ'. ಹಿಂದೆ ಒಂದು ಸಲ ಹೀಗೇ ಮಾಡಿ ಕೈ ಸುಟ್ಟುಕೊಂಡಿದ್ದೆವು ಕೂಡ. ಒಂದು ಕಚೇರಿಗೆ (ಹೆಸರು ಬೇಡ) ಕೊಟ್ಟ ಅರ್ಜಿ ಎಂಟು ತಿಂಗಳ ಮೇಲೆ 'ಸದರಿ ವಿಷಯ ಈ ಕಚೇರಿ ವ್ಯಾಪ್ತಿಗೆ ಬರುವುದಿಲ್ಲ' ಎಂಬ ಒಂದೇ ಸಾಲಿನ ಜೊತೆ ವಾಪಸ್ ಬಂತು. ಎಂಟು ತಿಂಗಳು! ವ್ಯಾಪ್ತಿಗೆ ಬರಲ್ಲ ಅನ್ನೋಕೆ ಎಂಟು ದಿನ ಸಾಕಾಗಿತ್ತು ಅಲ್ವಾ?

ಯಜಮಾನರು ನಮ್ಮ ಹಾಳೆ ಓದಿದರು. ಟೈಪ್ ಮಾಡಲು ಕೊಡಲಿಲ್ಲ. ಜೇಬಿನಿಂದ ಕೆಂಪು ಪೆನ್ ತೆಗೆದು ಒಂದೊಂದು ಬೇಡಿಕೆ ಪಕ್ಕದಲ್ಲಿ ಒಂದೊಂದು ಅಕ್ಷರ ಹಾಕುತ್ತಾ ಹೋದರು. ಪಾ, ಪಾ, ಬೆಂ, ಪಾ, ಡೆ, ಬೆಂ... ನಮಗೆ ಅರ್ಥ ಆಗಲಿಲ್ಲ. ಖಜಾಂಚಿ ಕೇಳಿದರು, 'ಯಜಮಾನ್ರೇ, ಇದೇನು ರೇಷನ್ ಲೆಕ್ಕಾನಾ?'

'ಪಾ ಅಂದ್ರೆ ಪಾಲಿಕೆ. ಬೆಂ ಅಂದ್ರೆ ಬೆಂಗಳೂರು. ಡೆ ಅಂದ್ರೆ ಡೆಲ್ಲಿ. ಯಾವ ಬಾಗಿಲು ಅಂತ ಗೊತ್ತಿಲ್ದೆ ತಟ್ಟಿದ್ರೆ ಕೈ ನೋವು ಅಷ್ಟೇ, ಸಾರ್.'

ಹನ್ನೊಂದರಲ್ಲಿ 'ಪಾ' ಬಿದ್ದದ್ದು ನಾಲ್ಕಕ್ಕೆ ಮಾತ್ರ. ಬೀದಿ ದೀಪ, ಚರಂಡಿ ಹೂಳು, ಕಸದ ಗಾಡಿ ಬರುವ ಹೊತ್ತು, ಪಾರ್ಕಿನ ಬೇಲಿ. ಇದು ಪಾಲಿಕೆ ಕೈಯಲ್ಲೇ ಇದೆ, ಇವತ್ತೇ ಕೊಡಿ ಎಂದರು. ಉಳಿದ ಏಳರಲ್ಲಿ ಒಂದು ಬಿಟ್ಟು ಮಿಕ್ಕದ್ದು ಪಾಲಿಕೆ ಮನಸ್ಸು ಮಾಡಿದರೂ ಆಗುವಂಥದ್ದಲ್ಲ, ಮೇಲಿನವರು ಕಾನೂನೋ ನಿಯಮವೋ ಆದೇಶವೋ ಮಾಡಬೇಕು. ಅದಕ್ಕೆ ಪಾಲಿಕೆಯನ್ನು ಕೇಳಬೇಕಾದದ್ದು 'ಮಾಡಿಕೊಡಿ' ಎಂದಲ್ಲ, 'ನಮ್ಮೂರ ಪರವಾಗಿ ಮೇಲೆ ಕೇಳಿ' ಎಂದು.

ಈ ಅಂಗಡಿಗೆ ನಾನು ದುಡ್ಡು ಕೊಟ್ಟದ್ದು ಟೈಪಿಂಗ್‌ಗೆ ಅಲ್ಲ ಅನಿಸಿದ್ದು ಆಗಲೇ.

ನಾಯಿ ವಿಷಯ ನೋಡಿ. ನಮ್ಮ ಬಡಾವಣೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದ್ದು ಅದಕ್ಕೇ. ಪಾಲಿಕೆಯವರು ಹಿಡಿದುಕೊಂಡು ಹೋಗಿ ದೂರ ಬಿಡಲಿ, ಅಷ್ಟೇ ನಮ್ಮ ಆಸೆ. ಆದರೆ ಅದಕ್ಕೆ ಕೇಂದ್ರದ ನಿಯಮ ಇದೆ, 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಕೆಳಗೆ 2023ರಲ್ಲಿ ಹೊಸದಾಗಿ ಬಂದದ್ದು. ಹಿಡಿ, ಸಂತಾನಹರಣ ಮಾಡು, ರೇಬಿಸ್ ಲಸಿಕೆ ಹಾಕು, ಹಿಡಿದ ಜಾಗದಲ್ಲೇ ಬಿಡು. 2025ರ ನವೆಂಬರ್‌ನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣದಂಥ ಜಾಗಗಳಿಗೆ ಸುಪ್ರೀಂ ಕೋರ್ಟ್ ಬೇರೆ ಆದೇಶ ಕೊಟ್ಟಿತು, ಅಲ್ಲಿಂದ ಹಿಡಿದದ್ದನ್ನು ಅಲ್ಲಿಗೇ ಬಿಡಬಾರದು ಎಂದು. ನಮ್ಮ ಮೂರನೇ ಕ್ರಾಸ್ ಶಾಲೆಯೂ ಅಲ್ಲ, ಆಸ್ಪತ್ರೆಯೂ ಅಲ್ಲ. ಹಾಗಾಗಿ 'ಡೆ'. ಪಾಲಿಕೆಯಿಂದ ಕೇಳಬಹುದಾದದ್ದು ವಾರ್ಡಿನಲ್ಲಿ ಎಷ್ಟು ನಾಯಿಗೆ ಆಪರೇಷನ್ ಆಗಿದೆ ಎಂಬ ಲೆಕ್ಕ. ಯಜಮಾನರು ಆ ಸಾಲನ್ನೇ ತಿದ್ದಿ ಎರಡು ಮಾಡಿಸಿದರು, ಒಂದು ಇಲ್ಲಿಗೆ, ಒಂದು ಅಲ್ಲಿಗೆ.

ಬಿ ಖಾತಾ, ಅಂದರೆ ಅನುಮೋದನೆ ಇಲ್ಲದ ಆಸ್ತಿಗೆ ಕೊಡುವ ಖಾತೆ, 'ಬೆಂ'. ಇದು ಅವರಿಗೆ ಇಷ್ಟದ ಉದಾಹರಣೆ ಇರಬೇಕು, ಕೈ ಎತ್ತಿ ಹೇಳಿದರು. ರೆವಿನ್ಯೂ ಸೈಟಿನಲ್ಲಿ (ಅನುಮೋದನೆ ಇಲ್ಲದೆ ಜಮೀನಿನಲ್ಲಿ ಮಾಡಿದ ಸೈಟು) ಮನೆ ಕಟ್ಟಿದವರು ಖಾತೆಗಾಗಿ ವರ್ಷಗಟ್ಟಲೆ ಪಾಲಿಕೆ ಮೆಟ್ಟಿಲು ಸವೆಸಿದರು. ಕೌಂಟರ್‌ನಲ್ಲಿ ಕೂತವರು ಆಗಲ್ಲ ಎಂದರು, ಇವರು ಅವರನ್ನು ಬೈದರು. ಕೌಂಟರ್‌ನವರಿಗೆ ನಿಜಕ್ಕೂ ಅಧಿಕಾರ ಇರಲಿಲ್ಲ. ಆಮೇಲೆ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದಿತು, 2025ರ ಫೆಬ್ರವರಿಯಲ್ಲಿ ನಗರ, ಪಟ್ಟಣಗಳಲ್ಲಿ ಬಿ ಖಾತಾ ಅಭಿಯಾನ ಶುರುವಾಯಿತು, ಅದೇ ಕೌಂಟರ್‌ನಲ್ಲಿ ಅದೇ ಜನ ಅರ್ಜಿ ತೆಗೆದುಕೊಂಡರು. ಬದಲಾದದ್ದು ಮೇಲಿನ ಒಂದು ಕಾಗದ.

ಆಸ್ತಿ ತೆರಿಗೆಯೂ ಹಾಗೇ. 2021ರಿಂದ ಅದು ಸರ್ಕಾರದ ಮಾರ್ಗಸೂಚಿ ದರಕ್ಕೆ (ಆಸ್ತಿ ನೋಂದಣಿಗೆ ಸರ್ಕಾರ ಗೊತ್ತು ಮಾಡುವ ಬೆಲೆ) ಕಟ್ಟುಬಿದ್ದಿದೆ. ವರ್ಷಕ್ಕೆ ಏರಿಸಲು ಪಾಲಿಕೆಗೆ ಇರುವ ಆಯ್ಕೆ 3 ಪರ್ಸೆಂಟಿಗೂ 5 ಪರ್ಸೆಂಟಿಗೂ ನಡುವೆ. ನಮ್ಮ ಹಾಳೆಯಲ್ಲಿ 'ಏರಿಕೆ ಕೂಡಲೇ ಕೈಬಿಡಬೇಕು' ಎಂದಿತ್ತು. ಯಜಮಾನರು ಅದನ್ನು ಹೊಡೆದು ಹಾಕಿ ನಗುತ್ತಾ, 'ಕೈಯಲ್ಲಿ ಇಲ್ಲದ್ದನ್ನ ಹೆಂಗೆ ಸಾರ್ ಕೈಬಿಡ್ತಾರೆ?' ಎಂದರು. ಇದನ್ನು ಅವರು ದಿನಕ್ಕೆ ಹತ್ತು ಸಲ ಹೇಳುತ್ತಾರೆ ಎಂದು ಹುಡುಗಿಯ ಮುಖ ನೋಡಿದರೇ ಗೊತ್ತಾಯಿತು.

ಬಿ.ಎಚ್. ರಸ್ತೆ ದಾಟಲು ಮೇಲ್ಸೇತುವೆ ಬೇಕು ಎಂಬ ಬೇಡಿಕೆಗೆ ಪಾ, ಬೆಂ, ಡೆ ಯಾವುದೂ ಇಲ್ಲ, ಸುಮ್ನೆ ಒಂದು ಪ್ರಶ್ನೆ ಚಿಹ್ನೆ. ನೀವು ಹೇಳುವ ಆ ತುಂಡು ಯಾರ ಹೆಸರಲ್ಲಿದೆ ಎಂದು ಮೊದಲು ಮಾಹಿತಿ ಹಕ್ಕಿನಲ್ಲಿ ಬರೆಸಿಕೊಂಡು ಬನ್ನಿ, ಆಮೇಲೆ ಟೈಪ್ ಮಾಡೋಣ ಎಂದರು. ದುಡ್ಡು ಬರುವ ಗಿರಾಕಿಯನ್ನು ವಾಪಸ್ ಕಳಿಸುವ ಅಂಗಡಿ ನಾನು ನೋಡಿದ್ದು ಇದೇ ಮೊದಲು.

ನನಗೆ ಹೊಸದಾಗಿ ತಿಳಿದದ್ದು ಫೈರ್ ಸ್ಟೇಷನ್ ವಿಷಯ. ನಗರಾಡಳಿತಕ್ಕೆ ಜಾಗ ಕೊಟ್ಟ ಸಂವಿಧಾನದ 74ನೇ ತಿದ್ದುಪಡಿ ಬಗ್ಗೆ ಶಾಲೆಯಲ್ಲಿ ಪಾಠ ಮಾಡಿದವನು ನಾನು. 1993ರ ಜೂನ್ 1ರಿಂದ ಜಾರಿ, ಹನ್ನೆರಡನೇ ಶೆಡ್ಯೂಲ್, ನಗರ ಸಂಸ್ಥೆಗಳ ಪಾಲಿನ 18 ವಿಷಯ, ಎಲ್ಲಾ ಬಾಯಿಪಾಠ. ಆ 18ರಲ್ಲಿ ಅಗ್ನಿಶಾಮಕವೂ ಇದೆ. ಆದರೆ ನಮ್ಮ ರಾಜ್ಯದಲ್ಲಿ ಅದು ರಾಜ್ಯ ಸರ್ಕಾರದ ಇಲಾಖೆ. ಊರ ಯೋಜನೆಯೂ ಪಟ್ಟಿಯಲ್ಲಿದೆ, ಅದನ್ನು ನೋಡುವುದು ಟೂಡಾ, ಅಂದರೆ ರಾಜ್ಯ ಸರ್ಕಾರದ ಕೆಳಗಿನ ತುಮಕೂರು ನಗರಾಭಿವೃದ್ಧಿ ಪ್ರಾಧಿಕಾರ. ಯಾಕೆ ಹೀಗೆ ಎಂದರೆ ಸಂವಿಧಾನದಲ್ಲಿ ಇರುವುದು ರಾಜ್ಯ 'ಕೊಡಬಹುದು' ಎಂದು, 'ಕೊಡಬೇಕು' ಎಂದಲ್ಲ. ಮೂವತ್ತು ವರ್ಷ ಮಕ್ಕಳಿಗೆ 18 ವಿಷಯ ಪಟ್ಟಿ ಮಾಡಿ ಎಂದು ಪ್ರಶ್ನೆ ಕೊಟ್ಟೆ, ಆ 'ಬಹುದು' ಬಗ್ಗೆ ಒಂದು ಅಂಕದ ಪ್ರಶ್ನೆಯನ್ನೂ ಕೇಳಲಿಲ್ಲ. ಹೋಗಲಿ ಬಿಡಿ.

ದುಡ್ಡಿನ ಬೇಡಿಕೆಗೆ ಜಾಸ್ತಿ ಹೊತ್ತು ಹಿಡಿಯಿತು. ನಾವು 'ಪಾಲಿಕೆಗೆ ಹೆಚ್ಚಿನ ಅನುದಾನ ನೀಡಬೇಕು' ಎಂದು ಬರೆದಿದ್ದೆವು. ಇದು ಎಲ್ಲರೂ ಬರೆಯುವ ಸಾಲು, ಫೈಲ್‌ನಲ್ಲಿ ಮಲಗುತ್ತೆ, ಏನಾದರೂ ಒಂದು ಹಿಡಿದು ಕೇಳಿ ಎಂದರು. ಏನು ಕೇಳೋದು? ವೃತ್ತಿ ತೆರಿಗೆ ಎಂದರು. ಸಂಬಳದಲ್ಲಿ ತಿಂಗಳಿಗೆ 200 ರೂಪಾಯಿ ಹಿಡಿಯುತ್ತಾರಲ್ಲ, ಅದು. ಪಕ್ಕದ ತಮಿಳುನಾಡಿನಲ್ಲಿ ಅದನ್ನು ಊರಿನ ನಗರಸಭೆ, ಪಾಲಿಕೆಗಳೇ ವಸೂಲಿ ಮಾಡಿ ಇಟ್ಟುಕೊಳ್ಳುತ್ತವೆ. ನಮ್ಮಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಗೆ ಹೋಗುತ್ತದೆ. ನಮ್ಮೂರಲ್ಲಿ ದುಡಿದವರು ಕಟ್ಟಿದ್ದರಲ್ಲಿ ಪಾಲು ನಮ್ಮೂರಿಗೆ ಕೊಡಿ ಎಂಬುದು ಬೆಂಗಳೂರಿಗೆ ಕೇಳುವ ಮಾತು. ಒಬ್ಬರಿಂದ ವರ್ಷಕ್ಕೆ 2,500 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಎಂಬ ಮಿತಿ ಸಂವಿಧಾನದಲ್ಲೇ ಇದೆ, 1988ರಲ್ಲಿ 250ರಿಂದ ಅಲ್ಲಿಗೆ ಏರಿಸಿದ್ದು, ಆಮೇಲೆ ಮುಟ್ಟಿಲ್ಲ. ಅದನ್ನು ಏರಿಸಿ ಎಂಬುದು ಡೆಲ್ಲಿಗೆ ಕೇಳುವ ಮಾತು. ಸಂಬಳದಾರ ಖಜಾಂಚಿ ಇಲ್ಲಿ ಗಂಟಲು ಸರಿಮಾಡಿಕೊಂಡರು. ಎರಡನೆಯದು ಬೇಡ ಎಂದು ತೀರ್ಮಾನವಾಯಿತು.

ನಮ್ಮ ಅಕ್ಕನ ಮಗ ಅಮೆರಿಕದ ಸಿಯಾಟಲ್‌ನಲ್ಲಿದ್ದಾನೆ. ಅವನಿಗೆ ಈ ಕಥೆ ಹೇಳಿದಾಗ, 'ಮಾಮ, ಇಲ್ಲಿ ಊರಿನ ಆಡಳಿತವೇ ಆ ಪಟ್ಟಿ ಮಾಡುತ್ತೆ' ಎಂದ. ಜನವರಿಯಲ್ಲಿ ಅವರ ರಾಜ್ಯದ ಶಾಸನಸಭೆ ಸೇರುವ ಮೊದಲು, ಈ ಸಲ ನಮಗೆ ಇಂತಿಂಥ ಕಾನೂನು ಬೇಕು, ಇಂಥದ್ದು ಬೇಡ ಎಂದು ಮೇಯರ್ ಮತ್ತು ಕೌನ್ಸಿಲ್ ಪಟ್ಟಿ ಒಪ್ಪಿ ಪ್ರಕಟಿಸುತ್ತಾರಂತೆ. ಅದರ ಹಿಂದೆ ಓಡಾಡಲು ಒಂದು ಕಚೇರಿಯೇ ಇದೆ. ಅಲ್ಲೂ ಊರಿನ ಕೈ ಕಟ್ಟಿದ್ದೇ. ಮನೆ ಬಾಡಿಗೆಗೆ ಮಿತಿ ಹಾಕಬಾರದು ಎಂದು ಊರುಗಳಿಗೆ ಅವರ ರಾಜ್ಯ 1981ರಲ್ಲೇ ಕಾನೂನು ಮಾಡಿತ್ತು, ಕೊನೆಗೆ 2025ರಲ್ಲಿ ರಾಜ್ಯವೇ ಬಾಡಿಗೆ ಏರಿಕೆಗೆ ಮಿತಿ ತಂದಿತು. ನಮ್ಮಲ್ಲೂ ಕೌನ್ಸಿಲ್ ಠರಾವು ಮಾಡಿ ನಗರಾಭಿವೃದ್ಧಿ ಇಲಾಖೆಗೆ ಕಳಿಸುವ ದಾರಿ ಇದೆ, ಇಲ್ಲ ಎಂದಲ್ಲ. ಆದರೆ ವರ್ಷಕ್ಕೊಂದು ಪಟ್ಟಿ, ಜನರಿಗೆ ಓದಲು ಸಿಗುವಂಥದ್ದು, ಅದು ನಮ್ಮ ಕೈಗೆ ಬಂದದ್ದಿಲ್ಲ. ನಮಗೆ ಸಿಕ್ಕಿದ್ದು ಕೆಂಪು ಪೆನ್ನಿನ ಯಜಮಾನರು.

ಠರಾವಿಗೂ ಕೌನ್ಸಿಲ್ ಬೇಕಲ್ಲ, ಅದೇ ನಮ್ಮ ಹನ್ನೊಂದನೇ ಬೇಡಿಕೆ. 2018ರ ಆಗಸ್ಟ್ 31ಕ್ಕೆ ನಾವು 35 ವಾರ್ಡಿಗೆ ವೋಟ್ ಹಾಕಿದ್ದು. ಆ ಕೌನ್ಸಿಲ್ ಅವಧಿ 2024ರ ಆರಂಭದಲ್ಲಿ ಮುಗಿಯಿತು, ಆಮೇಲೆ ಆಡಳಿತಾಧಿಕಾರಿ. ಐದು ವರ್ಷದೊಳಗೆ ಚುನಾವಣೆ ಮುಗಿಸಬೇಕು ಎಂದು ಸಂವಿಧಾನ ಹೇಳುತ್ತದೆ, ಹೇಳುತ್ತಲೇ ಇದೆ. ಇಲ್ಲಿ ಯಜಮಾನರು ಒಂದು ಉಪಾಯ ಹೇಳಿದರು, ನನಗೆ ಹೊಳೆದೇ ಇರಲಿಲ್ಲ. ವಿಧಾನ ಪರಿಷತ್ತಿನ 75 ಜನರಲ್ಲಿ 25 ಜನ ಆರಿಸಿ ಬರುವುದು ಸ್ಥಳೀಯ ಸಂಸ್ಥೆಗಳಿಂದ. ಪಂಚಾಯಿತಿ, ಪುರಸಭೆ, ಪಾಲಿಕೆ ಸದಸ್ಯರೇ ಅವರಿಗೆ ವೋಟ್ ಹಾಕುವವರು. ಅಂದರೆ ಊರಿನ ಮಾತು ವಿಧಾನಸೌಧದಲ್ಲಿ ಆಡಲೆಂದೇ ಇರುವ ಕುರ್ಚಿ. ತುಮಕೂರಿಗೂ ಒಂದಿದೆ. ಎಲ್ಲರೂ ಶಾಸಕರಿಗೆ, ಮಂತ್ರಿಗೆ ಪ್ರತಿ ಹಾಕುತ್ತಾರೆ, ಇವರಿಗೆ ಯಾರೂ ಹಾಕುವುದಿಲ್ಲ, ನೀವು ಹಾಕಿ ಎಂದರು. ಹಾಕಿದೆವು.

ಈಗ ದೂರು. ಒಂದು, ಹುಡುಗಿ ಟೈಪ್ ಮಾಡುವುದು ಹಳೇ ನುಡಿ ಫಾಂಟ್‌ನಲ್ಲಿ. ಪ್ರಿಂಟ್ ಚೆನ್ನಾಗಿ ಬರುತ್ತೆ, ಆದರೆ ಫೈಲನ್ನು ಸಂಘದ ವಾಟ್ಸಾಪ್ ಗುಂಪಿಗೆ ಹಾಕಿದರೆ ಫೋನಿನಲ್ಲಿ ಇಂಗ್ಲಿಷ್ ಅಕ್ಷರ, ಬ್ರಾಕೆಟ್, ಡಾಲರ್ ಗುರುತು, ಏನೇನೋ. ನಮ್ಮ ಅಧ್ಯಕ್ಷರು 'ಇದು ಯಾವ ಭಾಷೆ?' ಎಂದು ಕೇಳಿದರು. ಯೂನಿಕೋಡ್‌ನಲ್ಲಿ, ಅಂದರೆ ಎಲ್ಲಾ ಫೋನಿನಲ್ಲೂ ಕನ್ನಡವಾಗಿಯೇ ಕಾಣುವ ಪದ್ಧತಿಯಲ್ಲಿ, ಮಾಡಿ ಎಂದರೆ ಯಜಮಾನರು ಕಿವಿ ಕೇಳದವರ ಥರ ಜೆರಾಕ್ಸ್ ಮಷೀನ್ ಕಡೆ ತಿರುಗಿದರು. ಒಂದು ಸ್ಟಾರ್ ಕಿತ್ತದ್ದು ಇದಕ್ಕೇ. ಎರಡು, 'ಠರಾವು' ಮೂರು ಜಾಗದಲ್ಲಿ 'ಟರಾವು' ಆಗಿತ್ತು. ಓದಿ ನೋಡಿಯೇ ದುಡ್ಡು ಕೊಡಿ. ಮೂರು, ಮಧ್ಯಾಹ್ನ ಊಟಕ್ಕೆ ಮುಚ್ಚಿದರೆ ಯಾವಾಗ ತೆಗೆಯುತ್ತಾರೆ ಎಂದು ದೇವರಿಗೇ ಗೊತ್ತು.

ರೇಟ್: ಒಂದು ಪುಟಕ್ಕೆ 40 ರೂಪಾಯಿ, ತಿದ್ದಿದರೆ ಮತ್ತೆ ತೆಗೆದುಕೊಳ್ಳಲಿಲ್ಲ. ನಮ್ಮ ಎರಡು ಹಾಳೆ ಮೂರು ಬೇರೆ ಬೇರೆ ಪತ್ರ ಆಗಿ, ಆರು ಪುಟ, ಜೆರಾಕ್ಸ್ ಸೇರಿ 290 ಆಯಿತು. ಬುದ್ಧಿ ಹೇಳಿದ್ದಕ್ಕೆ ಚಾರ್ಜ್ ಇಲ್ಲ. ಫೋನ್‌ಪೇ ಇದೆ.

ಪತ್ರ ಕೊಡುವಾಗ ಟಪಾಲು ಸೆಕ್ಷನ್‌ನಲ್ಲಿ ನಮ್ಮ ಪ್ರತಿ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳದೆ ಬರಬೇಡಿ ಎಂದು ಮೂರು ಸಲ ಹೇಳಿ ಕಳಿಸಿದರು. ಹಾಕಿಸಿಕೊಂಡೆವು. 'ಪಾ' ಪತ್ರ ಕೊಟ್ಟ ಎರಡನೇ ವಾರ ಚರಂಡಿ ಹೂಳು ತೆಗೆದರು, ತೆಗೆದ ಹೂಳನ್ನು ರಸ್ತೆ ಪಕ್ಕದಲ್ಲೇ ಬಿಟ್ಟು ಹೋದರು. 'ಬೆಂ' ಪತ್ರಕ್ಕೆ ಇನ್ನೂ ಏನೂ ಬಂದಿಲ್ಲ. ಮಾರ್ಚ್‌ನಲ್ಲಿ ರಾಜ್ಯದ ಬಜೆಟ್, ಡಿಸೆಂಬರ್‌ನಲ್ಲಿ ಬೆಳಗಾವಿ ಅಧಿವೇಶನ, ಅದಕ್ಕೂ ಮುಂಚೆ ಇನ್ನೊಂದು ಸಲ ಕೊಡಬೇಕು, ದೀಪಾವಳಿ ಕಳೆದ ಮೇಲೆ ಬನ್ನಿ ಎಂದಿದ್ದಾರೆ. ಹೋಗುವಾಗ ಹೂಳಿನ ಗುಡ್ಡೆಯದೂ ಒಂದು ಹಾಳೆ ಬರೆದುಕೊಂಡು ಹೋಗುತ್ತೇನೆ. ಅದಕ್ಕೆ ಯಾವ ಅಕ್ಷರ ಎಂದು ಈಗ ನನಗೇ ಗೊತ್ತು.