ಕೊಲಂಬಿಯಾ ವೇದಿಕೆಯಲ್ಲಿ ಅಹ್ಮದಿನೆಜಾದ್: ಆತಿಥ್ಯದ ವಿಮರ್ಶೆ

2007ರ ಸೆಪ್ಟೆಂಬರ್ 24ರಂದು ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯ ತನ್ನ ವರ್ಲ್ಡ್ ಲೀಡರ್ಸ್ ಫೋರಂ ವೇದಿಕೆಗೆ ಇರಾನಿನ ಅಂದಿನ ಅಧ್ಯಕ್ಷ ಮಹಮೂದ್ ಅಹ್ಮದಿನೆಜಾದ್ ಅವರನ್ನು ಕರೆಸಿತ್ತು. ಕರೆಯಬೇಕಿತ್ತೇ, ಕರೆಯಬಾರದಿತ್ತೇ ಎಂಬ ವಾದ ಸಾಕಷ್ಟು ಆಗಿದೆ. ಕರೆದ ಮೇಲೆ ಕಾರ್ಯಕ್ರಮವನ್ನು ನಡೆಸಿದ ರೀತಿ ಹೇಗಿತ್ತು ಎಂಬುದರ ಬಗ್ಗೆ ಮಾತು ಕಡಿಮೆ. ವಿವಾದಾತ್ಮಕ ನಾಯಕರನ್ನು ಕರೆಸುವ ಯಾವುದೇ ವಿಶ್ವವಿದ್ಯಾಲಯಕ್ಕೆ ಉಪಯೋಗಕ್ಕೆ ಬರುವುದು ಈ ಎರಡನೆಯದು.

ಅಳೆಯುವ ಕೋಲನ್ನು ಕೊಲಂಬಿಯಾದ ಅಂದಿನ ಅಧ್ಯಕ್ಷ ಲೀ ಬೋಲಿಂಜರ್ ಅವರೇ ಕೊಟ್ಟಿದ್ದಾರೆ. ಅವರು ವಾಕ್ ಸ್ವಾತಂತ್ರ್ಯದ ಕಾನೂನಿನಲ್ಲಿ ಹೆಸರಾದ ವಿದ್ವಾಂಸರು. ಈ ಸಭೆಗೂ ಭಾಷಣಕಾರರ ಹಕ್ಕಿಗೂ ಸಂಬಂಧವಿಲ್ಲ, ಇದು ನಮ್ಮ ಕೇಳುವ ಮತ್ತು ಮಾತಾಡುವ ಹಕ್ಕಿಗೆ ಸಂಬಂಧಿಸಿದ್ದು ಎಂದು ಅವರು ಅಂದೇ ವೇದಿಕೆಯಲ್ಲಿ ಸ್ಪಷ್ಟವಾಗಿ ಹೇಳಿದರು. ಆ ದಿನದ ಅತ್ಯುತ್ತಮ ಮಾತು ಅದೇ. ಹಾಗಿದ್ದರೆ ಅತಿಥಿಗೆ ನೋವಾಯಿತೇ ಎಂದು ಕೇಳಿ ಫಲವಿಲ್ಲ. ಕೇಳುಗರಿಗೆ ಏನು ಸಿಕ್ಕಿತು ಎಂದು ಕೇಳಬೇಕು.

ಮೊದಲು ಏರ್ಪಾಟು. ವಿಶ್ವಸಂಸ್ಥೆಯ ಮಹಾಧಿವೇಶನಕ್ಕೆ ಬರುವವರಿಗೆ ಅಮೆರಿಕ ವಿಶ್ವಸಂಸ್ಥೆಯ ಜೊತೆ ಮಾಡಿಕೊಂಡ 1947ರ ಒಪ್ಪಂದದ ಪ್ರಕಾರ ಪ್ರವೇಶ ಕೊಡಬೇಕು. ಆದರೆ ಇರಾನಿನ ಪ್ರತಿನಿಧಿಗಳು ನ್ಯೂಯಾರ್ಕ್ ನಗರದ ನಡುವಿನ ಕೊಲಂಬಸ್ ಸರ್ಕಲ್‌ನಿಂದ 25 ಮೈಲಿಯ ಆಚೆ ಹೋಗುವಂತಿರಲಿಲ್ಲ. ಆ ಸುತ್ತಿನೊಳಗೇ ಇರುವ ಕೊಲಂಬಿಯಾಕ್ಕೆ ಇಂಥ ಅತಿಥಿ ಸಿಗುವ ಕಾಲ ಸೆಪ್ಟೆಂಬರ್ ಮಾತ್ರ, ತಯಾರಿಗೂ ಸಮಯ ಕಡಿಮೆ. 2006ರಲ್ಲೂ ಅವರಿಗೆ ಆಹ್ವಾನ ಹೋಗಿತ್ತು, ಕೊನೆಯ ಗಳಿಗೆಯಲ್ಲಿ ರದ್ದಾಯಿತು. 2007ರಲ್ಲಿ ಕೆಲಸ ಅಚ್ಚುಕಟ್ಟಾಗಿತ್ತು. ಸಭೆ ನಡೆದದ್ದು ರೂನ್ ಆರ್ಲೆಜ್ ಸಭಾಂಗಣದಲ್ಲಿ. ಒಳಗೆ ಜಾಗ ಸಿಗದವರಿಗೆ ಹೊರಗಿನ ಹುಲ್ಲುಹಾಸಿನಲ್ಲಿ ದೊಡ್ಡ ಪರದೆ ಇತ್ತು, ಪ್ರತಿಭಟನಕಾರರಿಗೂ ಜಾಗವಿತ್ತು. ಇದರಲ್ಲಿ ತಪ್ಪು ಹುಡುಕಲು ಏನಿಲ್ಲ.

ಷರತ್ತುಗಳನ್ನು ಮುಂಚೆಯೇ ಬಹಿರಂಗವಾಗಿ ಹೇಳಿದ್ದು ಇನ್ನೂ ಒಳ್ಳೆಯ ಕೆಲಸ. ಭಾಷಣಕ್ಕೆ ಎಷ್ಟು ಹೊತ್ತೋ ಪ್ರಶ್ನೋತ್ತರಕ್ಕೂ ಅಷ್ಟೇ ಹೊತ್ತು ಎಂಬುದು ಮೊದಲ ಷರತ್ತು. ಆರಂಭದಲ್ಲೇ ತಾವು ಕಟುವಾದ ಸವಾಲುಗಳನ್ನು ಮುಂದಿಡುವುದಾಗಿ ಬೋಲಿಂಜರ್ ಘೋಷಿಸಿದ್ದರು. ಹಾಗಾಗಿ ಅತಿಥಿಯನ್ನು ಕರೆಸಿ ಬೆನ್ನಿಗೆ ಇರಿದರು ಎಂಬ ದೂರಿನಲ್ಲಿ ಹುರುಳಿಲ್ಲ.

ಕೆಟ್ಟದ್ದು ಬೋಲಿಂಜರ್ ಅವರ ಪೀಠಿಕೆ. ಸುಮಾರು ಹತ್ತು ನಿಮಿಷದ ಆ ಮಾತಿನಲ್ಲಿ ಎರಡು ಬಗೆಯ ವಾಕ್ಯಗಳಿವೆ. ಮೊದಲ ಬಗೆ ಇಂಥದ್ದು: ಮಾನವ ಹಕ್ಕುಗಳ ಸಂಘಟನೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಪ್ರಕಾರ ಆ ವರ್ಷ ಅಷ್ಟರೊಳಗೆ ಇರಾನಿನಲ್ಲಿ 210 ಜನರಿಗೆ ಮರಣದಂಡನೆಯಾಗಿದೆ, ಕೊಲಂಬಿಯಾದಲ್ಲೇ ಓದಿದ ನಗರಯೋಜನಾ ತಜ್ಞ ಕಿಯಾನ್ ತಾಜ್‌ಬಕ್ಷ್ ಜೈಲಿನಿಂದ ಬಿಡುಗಡೆಯಾಗಿ ಕೆಲವೇ ದಿನವಾಗಿದೆ, ಅವರಿಗೆ ದೇಶ ಬಿಟ್ಟು ಹೊರಡಲು ಅವಕಾಶ ಕೊಡಿ. ಇವು ಸಂಖ್ಯೆ, ಹೆಸರು, ಬೇಡಿಕೆ ಇರುವ ವಾಕ್ಯಗಳು. ಉತ್ತರ ಕೊಡದೆ ಜಾರಿಕೊಂಡರೆ ಜಾರಿಕೊಂಡದ್ದು ಎಲ್ಲರಿಗೂ ಕಾಣುತ್ತದೆ. ಎರಡನೆಯ ಬಗೆ ಬರೀ ವಿಶೇಷಣ: ಕ್ಷುದ್ರ, ಕ್ರೂರ ಸರ್ವಾಧಿಕಾರಿಯ ಲಕ್ಷಣಗಳೆಲ್ಲ ನಿಮ್ಮಲ್ಲಿವೆ, ಒಂದೋ ಬೇಕೆಂದೇ ಕೆಣಕುತ್ತೀರಿ, ಇಲ್ಲವೇ ನೀವು ಅಚ್ಚರಿಪಡುವಷ್ಟು ಅವಿದ್ಯಾವಂತರು, ಈ ಪ್ರಶ್ನೆಗಳಿಗೆ ಉತ್ತರಿಸುವ ಬೌದ್ಧಿಕ ಧೈರ್ಯ ನಿಮಗಿದೆಯೇ ಎಂಬ ಅನುಮಾನ ನನಗಿದೆ.

ಈ ಎರಡನೆಯ ಬಗೆಯೇ ಕೆಲಸ ಕೆಡಿಸಿತು. ಅಹ್ಮದಿನೆಜಾದ್ ಎದ್ದುನಿಂತು 210ರ ಲೆಕ್ಕ ಕೊಡಬೇಕಾಗಲಿಲ್ಲ. ನಮ್ಮ ದೇಶದ ಸಂಪ್ರದಾಯದಲ್ಲಿ ಅತಿಥಿಯನ್ನು ಕರೆದರೆ ವಿದ್ಯಾರ್ಥಿಗಳ ವಿವೇಚನೆಯನ್ನು ಗೌರವಿಸುತ್ತೇವೆ, ಭಾಷಣಕ್ಕೆ ಮೊದಲೇ ತೀರ್ಪು ಕೊಡುವುದಿಲ್ಲ ಎಂದರು. ಸಭೆ ಚಪ್ಪಾಳೆ ತಟ್ಟಿತು. ಬೋಲಿಂಜರ್ ಅವರಿಗೆ ಚಪ್ಪಾಳೆ ತಟ್ಟಿದ ಸಭೆಯೇ ಅದು. ವಿದ್ವಾಂಸರನ್ನೂ ಪತ್ರಕರ್ತರನ್ನೂ ಸೆರೆಗೆ ಹಾಕುವ ಸರ್ಕಾರದ ಮುಖ್ಯಸ್ಥರು ಸಭ್ಯತೆಯ ಪಾಠ ಹೇಳುವ ಸ್ಥಾನದಲ್ಲಿ ನಿಂತರು. ಆ ಸ್ಥಾನವನ್ನು ಅವರಿಗೆ ಕೊಟ್ಟದ್ದು ಆತಿಥೇಯರೇ. ವಿಷಯಗಳೂ ಅತಿಯಾದವು. ವಿದ್ವಾಂಸರ ದಮನ, ಯಹೂದಿ ನರಮೇಧದ ನಿರಾಕರಣೆ, ಇಸ್ರೇಲ್, ಭಯೋತ್ಪಾದನೆಗೆ ನೆರವು, ಇರಾಕ್, ಅಣು ಕಾರ್ಯಕ್ರಮ ಎಂದು ಆರು ವಿಷಯ ಒಟ್ಟಿಗೆ ಎಸೆದರೆ ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಎಂಬ ಆಯ್ಕೆ ಅತಿಥಿಯ ಕೈಗೆ ಹೋಗುತ್ತದೆ. ಭಾಷಣದ ಬಹುಭಾಗ ಜ್ಞಾನ, ವಿಜ್ಞಾನ, ದೇವರ ಕುರಿತ ಉಪದೇಶದಲ್ಲೇ ಕಳೆಯಿತು.

ಇದಕ್ಕೆ ಪ್ರತಿಯಾಗಿ ಪ್ರಶ್ನೋತ್ತರವನ್ನು ನೋಡಿ. ನಡೆಸಿದವರು ಕೊಲಂಬಿಯಾದ ಡೀನ್ ಜಾನ್ ಕೋಟ್ಸ್‌ವರ್ತ್. ಮಹಿಳೆಯರ ಹಕ್ಕು ಮತ್ತು ಸಲಿಂಗಿಗಳಿಗೆ ಮರಣದಂಡನೆ ಕುರಿತ ಪ್ರಶ್ನೆಗೆ ಅತಿಥಿ ಮಾದಕವಸ್ತು ಸಾಗಣೆದಾರರ ಕಡೆಗೆ ಮಾತು ತಿರುಗಿಸಿದರು. ಪ್ರಶ್ನೆ ಇದ್ದದ್ದು ಅಪರಾಧಿಗಳ ಬಗ್ಗೆ ಅಲ್ಲ ಎಂದು ಕೋಟ್ಸ್‌ವರ್ತ್ ದನಿ ಏರಿಸದೆ ಅದೇ ಪ್ರಶ್ನೆಯನ್ನು ಮತ್ತೆ ಮುಂದಿಟ್ಟರು. ಆಗ ಹೊರಬಂದದ್ದೇ ನಿಮ್ಮ ದೇಶದಲ್ಲಿರುವಂತೆ ಇರಾನಿನಲ್ಲಿ ಸಲಿಂಗಿಗಳಿಲ್ಲ ಎಂಬ ಮಾತು. ಸಭೆ ನಕ್ಕಿತು, ಗೇಲಿ ಮಾಡಿತು. ಹತ್ತು ನಿಮಿಷದ ವಿಶೇಷಣಗಳಿಂದ ಆಗದ ಕೆಲಸ ಒಂದು ಸಣ್ಣ ಮರುಪ್ರಶ್ನೆಯಿಂದ ಆಯಿತು. ಇಸ್ರೇಲ್ ಕುರಿತು ಹೌದೋ ಅಲ್ಲವೋ ಹೇಳಿ ಎಂದು ಒತ್ತಿದಾಗ, ಪ್ರಶ್ನೆಯೂ ನಿಮ್ಮದೇ, ಉತ್ತರವೂ ನಿಮಗೆ ಬೇಕಾದಂತೆಯೇ ಇರಬೇಕೇ ಎಂದು ಅತಿಥಿ ನುಣುಚಿಕೊಂಡರು. ಹೌದು-ಅಲ್ಲ ಪ್ರಶ್ನೆಯ ದೌರ್ಬಲ್ಯ ಇದೇ, ಅದನ್ನು ನಿರಾಕರಿಸುವುದು ಸುಲಭ.

ಒಟ್ಟಾರೆ ಐದಕ್ಕೆ ಮೂರು ಅಂಕ. ಒಂದು ಅಂಕ ಪೀಠಿಕೆಯಲ್ಲಿ ಹೋಯಿತು, ಇನ್ನೊಂದು ಮರುಪ್ರಶ್ನೆಗಳು ಸಾಲದ್ದರಿಂದ.

ಹಾಗೆಂದು ಸಭ್ಯತೆಯೊಂದೇ ಸಾಕು ಎನ್ನುವವರು ಇದೇ ಕೊಲಂಬಿಯಾದ 1933ನ್ನು ನೆನೆಯಬೇಕು. ಆ ಡಿಸೆಂಬರ್‌ನಲ್ಲಿ ನಾತ್ಸಿ ಜರ್ಮನಿಯ ರಾಯಭಾರಿ ಹಾನ್ಸ್ ಲೂಥರ್ ಅವರನ್ನು ಅಂದಿನ ಅಧ್ಯಕ್ಷ ನಿಕೋಲಸ್ ಮರ್ರೆ ಬಟ್ಲರ್ ಗೌರವದಿಂದ ಬರಮಾಡಿಕೊಂಡರು, ಪ್ರತಿಭಟಿಸಿದ ವಿದ್ಯಾರ್ಥಿಗಳ ಮಾತಿಗೆ ಕಿವಿಗೊಡಲಿಲ್ಲ. ಬೋಲಿಂಜರ್ ಅವರ ಒರಟುತನ ಬಟ್ಲರ್ ಅವರ ನಯಕ್ಕಿಂತ ಎಷ್ಟೋ ಮೇಲು. 2007ರ ನವೆಂಬರ್‌ನಲ್ಲಿ ನೂರಕ್ಕೂ ಹೆಚ್ಚು ಅಧ್ಯಾಪಕರು ಬೋಲಿಂಜರ್ ಅವರನ್ನು ಟೀಕಿಸುವ ಹೇಳಿಕೆಗೆ ಸಹಿ ಹಾಕಿದರು. ಮಾತಿನ ಧಾಟಿಯ ಬಗ್ಗೆ ಅವರು ಹೇಳಿದ್ದು ಸರಿ. ಆದರೆ ಅತಿಥಿಯ ಎದುರಿಗೇ ಟೀಕಿಸುವುದನ್ನು ಬಿಟ್ಟಿದ್ದರೆ ಆಹ್ವಾನಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಮುಂದೆ ಇಂಥ ಸಭೆ ಮಾಡುವವರು ಪೀಠಿಕೆಯನ್ನು ಮೂರು ನಿಮಿಷಕ್ಕೆ ನಿಲ್ಲಿಸಲಿ. ಏಕೆ ಕರೆದೆವು, ಕೇಳುವುದೆಂದರೆ ಒಪ್ಪುವುದಲ್ಲ, ಪ್ರಶ್ನೆಗೆ ಎಷ್ಟು ಹೊತ್ತು: ಇಷ್ಟು ಸಾಕು. ಟೀಕೆಯನ್ನೆಲ್ಲ ಪ್ರಶ್ನೆಗಳಾಗಿ ತಿರುಗಿಸಿ ಮೂರೇ ವಿಷಯ ಆರಿಸಿಕೊಳ್ಳಿ, ಪ್ರತಿಯೊಂದಕ್ಕೂ ಒಂದು ದಾಖಲೆ ಮತ್ತು ಮೊದಲೇ ಬರೆದಿಟ್ಟ ಎರಡು ಮರುಪ್ರಶ್ನೆ ಇರಲಿ. ತಾಜ್‌ಬಕ್ಷ್ ಪ್ರಯಾಣದ ಬೇಡಿಕೆ ಪೀಠಿಕೆಯಲ್ಲಿ ಹೇಳಿ ಮುಗಿಸುವಂಥದ್ದಲ್ಲ. ಯಾವ ದಿನ ಪಾಸ್‌ಪೋರ್ಟ್ ಕೊಡುತ್ತೀರಿ ಎಂದು ಪ್ರಶ್ನೋತ್ತರದ ಮೊದಲಿಗೇ ಕೇಳಬೇಕಿತ್ತು. ಪ್ರಶ್ನೆಗಳು ಚಿಕ್ಕವಾಗಿರಲಿ. ಅತಿಥಿ ಫಾರ್ಸಿಯಲ್ಲಿ ಮಾತಾಡಿ ದುಭಾಷಿ ಇಂಗ್ಲಿಷಿಗೆ ತರುವಾಗ ಉದ್ದದ ಪ್ರಶ್ನೆ ಅರ್ಧ ದಾರಿಯಲ್ಲೇ ಮೊನೆ ಕಳೆದುಕೊಳ್ಳುತ್ತದೆ, ಕಟಕಿಯಂತೂ ದಾಟುವುದೇ ಇಲ್ಲ. ನಿರೂಪಕರಿಗೆ ಮಾತು ತಡೆಯುವ ಅಧಿಕಾರವಿದೆ ಎಂದು ಒಪ್ಪಂದದಲ್ಲೇ ಬರೆಸಿ.

ಮುಗಿಸುವಾಗ ಕೋಟ್ಸ್‌ವರ್ತ್ ಆಡಿದ ಮಾತನ್ನು ಮಾದರಿಯಾಗಿ ಇಟ್ಟುಕೊಳ್ಳಬಹುದು. ಅತಿಥಿಯವರು ಬೇಗ ಹೊರಡಬೇಕಾಗಿರುವುದರಿಂದ ನಮ್ಮ ಬಹಳಷ್ಟು ಪ್ರಶ್ನೆಗಳಿಗೆ, ಕೇಳಿದ ಕೆಲವಕ್ಕೂ, ಉತ್ತರ ಸಿಗಲಿಲ್ಲ ಎಂದು ಅವರು ವಿಷಾದಿಸಿದರು. ಸೊಲ್ಲಿನಲ್ಲಿ ಒರಟು ಇಲ್ಲ, ಮುಚ್ಚುಮರೆಯೂ ಇಲ್ಲ. ಅಂಥ ಉಳಿದ ಪ್ರಶ್ನೆಗಳನ್ನು ಮರುದಿನವೇ ಆ ದೇಶದ ವಿಶ್ವಸಂಸ್ಥೆ ಕಚೇರಿಗೆ ಲಿಖಿತವಾಗಿ ಕಳಿಸಿ, ಮೂವತ್ತು ದಿನ ಕಾದು, ಬಂದ ಉತ್ತರಗಳನ್ನು ಭಾಷಣದ ಪೂರ್ಣ ಪಠ್ಯದ ಜೊತೆ ಪ್ರಕಟಿಸಬೇಕು. ಉತ್ತರ ಬಾರದ ಪ್ರಶ್ನೆಗಳ ಕೆಳಗೆ ಜಾಗ ಖಾಲಿ ಬಿಟ್ಟರಾಯಿತು.