ಕಾಂಟೆಸ್ಟಲ್ಲಿ ಇನ್ನೊಬ್ಬರ ಕುರ್ಚಿಲಿ ಕೂರೋ ಮುಂಚೆ ಸ್ವಲ್ಪ ಓದಿ

ಹ್ಯಾಮ್ ರೇಡಿಯೋಗೆ (ಹವ್ಯಾಸಿ ರೇಡಿಯೋ) ಬಂದು ಹೊಸದಾಗಿ ವಿಯು3 ಕಾಲ್‌ಸೈನ್, ಅಂದ್ರೆ ಗಾಳೀಲಿ ಹೇಳ್ಕೊಳೋ ಗುರುತು, ತಗೊಂಡಿರೋ ಹುಡುಗ್ರಿಗೋಸ್ಕರ ಬರೀತಿದೀನಿ, ನನ್ನ ಪೆದ್ದುತನ ನಿಮ್ಮಿಂದ ಆಗ್ಬಾರ್ದು. ಸಿಕ್ಯೂ ವರ್ಲ್ಡ್ ವೈಡ್ ಎಸ್‌ಎಸ್‌ಬಿ ಕಾಂಟೆಸ್ಟ್ ಗೊತ್ತಲ್ಲ, ಮೈಕಲ್ಲಿ ಮಾತಾಡಿ ಆದಷ್ಟು ಜಾಸ್ತಿ ಸ್ಟೇಷನ್, ಜಾಸ್ತಿ ದೇಶ ಹಿಡಿಯೋ ಸ್ಪರ್ಧೆ, ಅಕ್ಟೋಬರಿನ ಕೊನೇ ಪೂರ್ತಿ ವಾರಾಂತ್ಯ, ನಮ್ಮ ಟೈಮಲ್ಲಿ ಶನಿವಾರ ಬೆಳಿಗ್ಗೆ 5:30ರಿಂದ ಸೋಮವಾರ 5:30ರ ತನಕ ಪೂರ್ತಿ 48 ಗಂಟೆ. ನಮ್ಮ ಕಡೆ ಹ್ಯಾಮ್ ಸೀನಿಯರ್ ಒಬ್ರು (ಹೆಸರು ಬೇಡ) "ಬಾರೋ, ಕಲಿಯೋಕೆ ಚೆನ್ನಾಗಿರತ್ತೆ" ಅಂದ್ರು. ಅವರ ಮನೇಲಿ ಟವರ್ ಮೇಲೆ ಯಾಗಿ ಆಂಟೆನಾ, ಕೆಳಗೆ ಪವರ್ ಏರಿಸೋ 400 ವ್ಯಾಟ್ ಲೀನಿಯರ್, ನನ್ನ ಹತ್ರ ತೆಂಗಿನಮರಕ್ಕೆ ಕಟ್ಟಿದ ಡೈಪೋಲ್ (ಬರೀ ತಂತಿ ಆಂಟೆನಾ), ಹೋಗ್ದೆ ಇರ್ತೀನಾ.

ಶನಿವಾರ ರಾತ್ರಿ ಒಂದೂವರೆಗೆ "ಸ್ವಲ್ಪ ಬೆನ್ನು ಚಾಚ್ತೀನಿ, ನೀನು ನಡೆಸು" ಅಂತ ಹೋದೋರು ಎದ್ದಿದ್ದು ಐದಕ್ಕೆ, ಅಲ್ಲೀವರೆಗೂ 40 ಮೀಟರ್ ಬ್ಯಾಂಡಲ್ಲಿ ಅವರ ಕಾಲ್‌ಸೈನ್ ಹೇಳ್ಕೊಂಡು ಯುರೋಪಿನವ್ರಿಗೆ "ಫೈವ್ ನೈನ್ ಟ್ವೆಂಟಿ ಟೂ" (ಸಿಗ್ನಲ್ ಜೋರಾಗಿದೆ, ನಮ್ದು 22ನೇ ವಲಯ) ಅಂತ ಗಂಟಲು ಹರ್ಕೊಂಡಿದ್ದು ನಾನು. ಪಕ್ಕದ ಲ್ಯಾಪ್‌ಟಾಪಲ್ಲಿ ಡಿಎಕ್ಸ್ ಕ್ಲಸ್ಟರ್ ಓಪನ್ ಇತ್ತು, ಅಂದ್ರೆ ಯಾವ ಸ್ಟೇಷನ್ ಯಾವ ಫ್ರೀಕ್ವೆನ್ಸಿಲಿ ಇದೆ ಅಂತ ಬೇರೆಯವ್ರು ಇಂಟರ್ನೆಟ್ಟಲ್ಲಿ ಹಾಕೋ ಪಟ್ಟಿ, ಹೊಸ ದೇಶ ಕಂಡ ತಕ್ಷಣ ಆ ಫ್ರೀಕ್ವೆನ್ಸಿಗೆ ಹೋಗು, ಕರಿ, ಲಾಗ್ ಮಾಡು. ಖುಷಿಯೋ ಖುಷಿ. (ನಂದು ರಿಸ್ಟ್ರಿಕ್ಟೆಡ್ ಗ್ರೇಡ್ ಲೈಸೆನ್ಸ್, 50 ವ್ಯಾಟ್ ಮಿತಿ, ಲೀನಿಯರ್ ಆನ್ ಇತ್ತಲ್ಲ ಅಂತ ಹೊಳೆದಿದ್ದು ವಾರ ಆದ್ಮೇಲೆ.)

ಇಬ್ರು ಕೂತು ಆಡೋದು ತಪ್ಪಲ್ಲ, ಕ್ಲಸ್ಟರ್ ನೋಡೋದೂ ತಪ್ಪಲ್ಲ, ಮಲ್ಟಿ-ಆಪರೇಟರ್ ಅಂತ ಕಳಿಸಿದ್ರೆ ಯಾರೂ ಏನೂ ಕೇಳ್ತಿರ್ಲಿಲ್ಲ.

ಸೋಮವಾರ ಸೀನಿಯರ್ರು ಕಾಫಿ ಕೈಲಿಟ್ಕೊಂಡು ಲಾಗ್ ಓಪನ್ ಮಾಡಿದ್ರು. ಅನುಮಾನ ಇರೋ ಕಾಲ್‌ಸೈನ್ ಒಂದೊಂದನ್ನೇ ಇಂಟರ್ನೆಟ್ಟಲ್ಲಿ ಹುಡುಕಿ ತಿದ್ದೋಕೆ ಶುರು, ಎಲ್ಲಾ ನಿದ್ದೆಗಣ್ಣಲ್ಲಿ ನಾನೇ ಬರೆದಿದ್ದು, ಎಸ್ಸೋ ಎಫ್ಫೋ ಗೊತ್ತಾಗ್ದೆ. ತಪ್ಪು ಕಾಲ್‌ಸೈನ್ ಹಂಗೇ ಹೋದ್ರೆ ಆ ಪಾಯಿಂಟೂ ಹೋಗಿ ಮೇಲೆ ಅದರ ಎರಡರಷ್ಟು ಪೆನಾಲ್ಟಿ ಬೇರೆ, ಅದಕ್ಕೇ ಈ ಕಸರತ್ತು, ಆದ್ರೆ ಮುಗಿದ್ಮೇಲೆ ಡೇಟಾಬೇಸ್ ನೋಡಿ ತಿದ್ದಂಗಿಲ್ಲ ಅಂತ ರೂಲಲ್ಲೇ ಇದೆ. ಆಮೇಲೆ ಕ್ಯಾಬ್ರಿಲ್ಲೊ ಫೈಲಿನ (ಕಮಿಟಿಗೆ ಕಳಿಸೋ ಲಾಗ್ ಫೈಲು) ಮೇಲ್ಗಡೆ ಸಾಲುಗಳು ಕಣ್ಣಿಗೆ ಬಿತ್ತು: ಸಿಂಗಲ್-ಆಪ್, ನಾನ್-ಅಸಿಸ್ಟೆಡ್. ಅಂದ್ರೆ ಕೂತಿದ್ದು ಒಬ್ರೇ, ಕ್ಲಸ್ಟರ್ ನೋಡೇ ಇಲ್ಲ ಅಂತ.

"ಸರ್, ನಾನೂ ಕೂತಿದ್ನಲ್ಲ?"

"ಎಲ್ಲಾರೂ ಹಿಂಗೇ ಕಣೋ. ಕಾಫಿ ಆರತ್ತೆ, ಕುಡಿ."

ಕುಡಿದೆ. ಅದೇ ನನ್ನ ತಪ್ಪು.

ಯಾರಿಗೂ ಗೊತ್ತಾಗಲ್ಲ ಅನ್ಕೊಂಡಿದ್ರೆ ಕೇಳಿ. ಕ್ಲಸ್ಟರಲ್ಲಿ ಬಂದ ಪ್ರತಿ ಸ್ಪಾಟೂ (ಇಂಥ ಸ್ಟೇಷನ್ ಇಲ್ಲಿದೆ ಅನ್ನೋ ಸಾಲು) ಟೈಮ್ ಸಮೇತ ಉಳ್ಕೊಂಡಿರತ್ತೆ, ಲಾಗಿನ ಪಕ್ಕ ಇಟ್ರೆ ಸ್ಪಾಟ್ ಬಂದ ಮರುನಿಮಿಷಕ್ಕೇ ಅದೇ ಸ್ಟೇಷನ್, ಒಂದಲ್ಲ ಎರಡಲ್ಲ ಸಾಲುಸಾಲಾಗಿ, ಕಿವಿಯಿಂದ ಹುಡುಕೋನ ಲಾಗ್ ಹಂಗಿರಲ್ಲ. ಎಸ್‌ಡಿಆರ್ (ಕಂಪ್ಯೂಟರ್ ರೇಡಿಯೋ) ಇಟ್ಟು ಮಾಡಿದ ಬ್ಯಾಂಡಿನ ರೆಕಾರ್ಡಿಂಗ್ ಬೇರೆ ಕಾಂಟೆಸ್ಟ್ ಕಮಿಟಿ ಹತ್ರ ಇರತ್ತೆ.

ಕೆಲವು ವಾರ ಬಿಟ್ಟು ಕಮಿಟಿಯಿಂದ ಮೇಲ್ ಬಂತು, ಆಡಿಯೋ ಕಳಿಸಿ ಅಂತ. ಮೇಲಿನ ಸ್ಥಾನಕ್ಕೆ ಪೈಪೋಟಿ ಮಾಡೋ ಸಿಂಗಲ್-ಆಪ್‌ಗಳು ರೆಕಾರ್ಡಿಂಗ್ ಇಟ್ಟಿರ್ಬೇಕು, ಇವರದ್ದು ಇತ್ತು ಕೂಡ, ಆದ್ರೆ ಅದ್ರಲ್ಲಿ ಮೂರೂವರೆ ಗಂಟೆ ನನ್ನ ದನಿ! ಹಾರ್ಡ್ ಡಿಸ್ಕ್ ಹೋಯ್ತು ಅಂತ ಬರೆದ್ರು. ಡಿಸ್‌ಕ್ವಾಲಿಫೈ ಆಯ್ತು, ಆಮೇಲೆ ನಮ್ಮ ಗುಂಪಲ್ಲೆಲ್ಲಾ ಸುದ್ದಿ ಹಬ್ಬಿದ್ದು ಕಂಪ್ಲೇಂಟ್ ಕೊಟ್ಟಿದ್ದು ನಾನೇ ಅಂತ. ಕೊಟ್ಟಿದ್ರೆ ಒಳ್ಳೇದಿತ್ತೇನೋ, ಆ ಧೈರ್ಯ ಇರ್ಲಿಲ್ಲ.

ಯಾರಾದ್ರೂ ಕಾಂಟೆಸ್ಟಿಗೆ ಕರೆದ್ರೆ ಹೆಡ್‌ಫೋನ್ ಹಾಕ್ಕೊಳೋ ಮುಂಚೆ ಕೇಳಿ: ಯಾವ ಕ್ಯಾಟಗರಿ, ಆಪರೇಟರ್ಸ್ ಸಾಲಲ್ಲಿ ನನ್ನ ಕಾಲ್‌ಸೈನ್ ಇರತ್ತಾ? ತಡವರಿಸಿದ್ರೆ ಊಟ ಮಾಡ್ಕೊಂಡು ವಾಪಸ್ ಬನ್ನಿ. ನಾನೀಗ ಅದೇ ತೆಂಗಿನಮರದ ಡೈಪೋಲು, 50 ವ್ಯಾಟು. ಹೋದ ಸಲ 117 ಕಾಂಟ್ಯಾಕ್ಟ್, ಚೆಕಿಂಗಲ್ಲಿ 6 ಹೋಯ್ತು, ಆ ಆರೂ ನಾನೇ ತಪ್ಪು ಕೇಳಿಸ್ಕೊಂಡಿದ್ದು.