ಎಂಟಾಳಿನ ಮೇಸ್ತ್ರಿಗೆ ‘ಎಲ್ಲಾ ಸೇರಿ’ ಪ್ಯಾಕೇಜ್: ದುಡ್ಡು ಕೊಡುವ ಮುನ್ನ

ಹಳೇಮನೆ ರಿಪೇರಿ, ಬಚ್ಚಲು ಒಡೆದು ಟೈಲ್ಸ್ ಹಾಕುವುದು, ಅಡುಗೆಮನೆ ಬದಲಾಯಿಸುವುದು ಇಂಥ ಕೆಲಸ ಹಿಡಿಯುವ ಸಣ್ಣ ಗುತ್ತಿಗೆದಾರರಿಗೆ ಮೈಸೂರಿನ ತೆರಿಗೆ ಸಲಹೆಗಾರರು ಈಗ ವಾರ್ಷಿಕ ಪ್ಯಾಕೇಜ್ ಮಾರುತ್ತಿದ್ದಾರೆ. ಜಿಎಸ್‌ಟಿ, ಉದ್ಯಮ್ (ಸಣ್ಣ ಉದ್ದಿಮೆಯ ನೋಂದಣಿ), ಲೇಬರ್ ಲೈಸೆನ್ಸ್, ಇಎಸ್‌ಐ (ಕೆಲಸಗಾರರ ಸರ್ಕಾರಿ ವಿಮೆ), ಕಾರ್ಮಿಕರ ಕಾರ್ಡು, ನೇಮಕಾತಿ ಪತ್ರ, ವೃತ್ತಿ ತೆರಿಗೆ, ಎಲ್ಲಕ್ಕೂ ಸೇರಿ ಒಂದೇ ಮೊತ್ತ. ಇಲ್ಲಿ ಪರೀಕ್ಷಿಸಿರುವುದು ನಗರದ ಒಂದು ಕಚೇರಿಯದ್ದು. ಹೆಸರು ಬೇಡ, ಉಳಿದವರದೂ ಹೆಚ್ಚುಕಡಿಮೆ ಇದೇ ಅಚ್ಚು.

ಮೊದಲ ತಕರಾರು ಬಿಲ್ಲಿನದು. ಯಾವುದಕ್ಕೆ ಎಷ್ಟು ಎಂದು ಬಿಡಿಸಿ ಬರೆದಿಲ್ಲ. ಉದ್ಯಮ್ ನೋಂದಣಿಗೆ ಸರ್ಕಾರಿ ಶುಲ್ಕ ಸೊನ್ನೆ. ಆಧಾರ್, ಪ್ಯಾನ್ ಕೈಯಲ್ಲಿದ್ದರೆ ಮೊಬೈಲಿನಲ್ಲೇ ಮುಗಿಯುತ್ತದೆ. ವೃತ್ತಿ ತೆರಿಗೆಯ ವರ್ಷದ 2,500 ರೂಪಾಯಿ ಪ್ಯಾಕೇಜಿನ ಒಳಗೋ ಹೊರಗೋ ಎಂದು ಕೇಳಿ ತಿಳಿಯಬೇಕು.

ಲೇಬರ್ ಲೈಸೆನ್ಸಂತೂ ಎಂಟು ಹತ್ತು ಆಳಿನವರಿಗೆ ವ್ಯರ್ಥ ಖರ್ಚು. 1970ರ ಗುತ್ತಿಗೆ ಕಾರ್ಮಿಕ ಕಾಯ್ದೆಯಲ್ಲೇ ಮಿತಿ 20 ಆಳಿತ್ತು. 2025ರ ನವೆಂಬರ್ 21ರಂದು ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದವು. ಅದರಲ್ಲಿ ಈ ಮಿತಿ 50. ಕಚೇರಿಯ ಕರಪತ್ರ ಮಾತ್ರ ‘ಹೊಸ ಕಾನೂನು ಬಂದಿದೆ, ಲೈಸೆನ್ಸ್ ಕಡ್ಡಾಯ’ ಎಂದು ಹೆದರಿಸುತ್ತದೆ.

ದುಡ್ಡು ಕೊಟ್ಟರೂ ಸಾರ್ಥಕ ಅನ್ನಿಸಬೇಕಾದ ಭಾಗ ಜಿಎಸ್‌ಟಿ. ಪ್ಯಾಕೇಜ್ ಎಡವುವುದೂ ಇಲ್ಲೇ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು ಎಲ್ಲರಿಗೂ ನೆನಪಿದೆ. ಮೇಸ್ತ್ರಿಗಳ ಖಾತೆಯಲ್ಲಿ ಅದೇ ಅಪಾಯ ಇನ್ನೂ ದೊಡ್ಡದು, ಏಕೆಂದರೆ ಮಾಲೀಕರು ಟೈಲ್ಸ್ ದುಡ್ಡನ್ನೂ ಮೇಸ್ತ್ರಿಯ ಫೋನ್‌ಪೇಗೇ ಹಾಕುತ್ತಾರೆ. ಕುವೆಂಪುನಗರದ ಒಂದು ಬಚ್ಚಲುಮನೆ ಕೆಲಸ 3,00,000 ಎಂದಿಟ್ಟುಕೊಳ್ಳಿ: ಕೂಲಿ ಮತ್ತು ಲಾಭ 1,10,000, ಟೈಲ್ಸ್, ನಲ್ಲಿ, ಪೈಪು, ಸಿಮೆಂಟ್ ಸೇರಿ 1,90,000. ಇಂಥವು ವರ್ಷಕ್ಕೆ ಹತ್ತು ಮಾಡಿದರೆ ವಹಿವಾಟು 30 ಲಕ್ಷ. ಸೇವೆಗೆ ನೋಂದಣಿ ಮಿತಿ 20 ಲಕ್ಷ, ಅದು ದಾಟಿತು. ಸಾಮಾನು ಮಾಲೀಕರೇ ನೇರ ಅಂಗಡಿಗೆ ಕೊಟ್ಟು ತಂದರೆ ಅದೇ ಹತ್ತು ಕೆಲಸಕ್ಕೆ 11 ಲಕ್ಷ.

ಒಂದು ಎಚ್ಚರಿಕೆ. ದುಡ್ಡಿನ ದಾರಿ ಬದಲಾಯಿಸಿದರಷ್ಟೇ ಸಾಲದು, ಕರಾರೂ ಬದಲಾಗಬೇಕು. ಅಂದಾಜು ಪಟ್ಟಿಯಲ್ಲಿ ‘ಮೆಟೀರಿಯಲ್ ಸಮೇತ’ ಎಂದು ಬರೆದು ಬಿಲ್ಲು ಮಾತ್ರ ಮಾಲೀಕರ ಕೈಯಲ್ಲಿ ಕಟ್ಟಿಸಿದರೆ, ಗುತ್ತಿಗೆದಾರ ಕೊಡಬೇಕಿದ್ದನ್ನು ಗ್ರಾಹಕ ಕೊಟ್ಟಂತಾಗಿ ಆ ಮೊತ್ತವೂ ಬೆಲೆಗೆ ಸೇರುತ್ತದೆ. ಪಟ್ಟಿ ಎರಡು ಹಾಳೆಯಾಗಲಿ: ಒಂದರಲ್ಲಿ ಕೂಲಿ, ಇನ್ನೊಂದರಲ್ಲಿ ‘ಮಾಲೀಕರು ಒದಗಿಸಬೇಕಾದ ಸಾಮಾನು’ ಎಂಬ ತಲೆಬರಹ, ಅಳತೆ, ಸಂಖ್ಯೆ. ಕಚೇರಿ ಕೊಡುವ ನಮೂನೆಯಲ್ಲಿ ಇದು ಇಲ್ಲವೇ ಇಲ್ಲ.

‘ಬರೀ ಲೇಬರ್ ಕಾಂಟ್ರಾಕ್ಟ್‌ಗೆ ಜಿಎಸ್‌ಟಿ ಇಲ್ಲ’ ಎಂದು ಅಲ್ಲಿ ಹೇಳಿ ಕಳಿಸುತ್ತಾರೆ. ಅರ್ಧ ಸತ್ಯ. ಒಂಟಿ ಮನೆಯ ಹೊಸ ನಿರ್ಮಾಣಕ್ಕೆ, ಅಥವಾ ಪಾಳುಬಿದ್ದ, ಹಾನಿಯಾದ ಕಟ್ಟಡವನ್ನು ಬಳಕೆಗೆ ತರುವ ಕೆಲಸಕ್ಕೆ ಆ ವಿನಾಯಿತಿ. ಚೆನ್ನಾಗಿರುವ ಮನೆಯ ಟೈಲ್ಸ್ ಕಿತ್ತು ಬೇರೆ ಹಾಕುವುದು ಅದರಲ್ಲಿ ಬರುವುದಿಲ್ಲ. ಅಂದರೆ ರಿಪೇರಿ ಮೇಸ್ತ್ರಿಗಳಿಗೆ ಆಸರೆ 20 ಲಕ್ಷದ ಮಿತಿ ಮಾತ್ರ.

ಮಿತಿ ದಾಟಿದವರಿಗೆಲ್ಲ ಕಚೇರಿ ಕಣ್ಣುಮುಚ್ಚಿ 6% ಕಾಂಪೊಸಿಷನ್ (ವಹಿವಾಟಿನ ಮೇಲೆ ಒಂದೇ ದರದ ಸರಳ ತೆರಿಗೆ) ಹಾಕಿಕೊಡುತ್ತದೆ. ವಹಿವಾಟು 50 ಲಕ್ಷದವರೆಗೆ ಅದು ಸಾಧ್ಯ, ಕಾಗದಪತ್ರವೂ ಕಮ್ಮಿ. ಆದರೆ ಕಾಂಪೊಸಿಷನ್‌ನಲ್ಲಿ ತೆರಿಗೆಯನ್ನು ಗ್ರಾಹಕರಿಂದ ವಸೂಲಿ ಮಾಡುವಂತಿಲ್ಲ; ಮೇಲಿನ ಬಚ್ಚಲಿಗೆ 18,000 ಗುತ್ತಿಗೆದಾರನ ಜೇಬಿನಿಂದ. ಮಾಮೂಲಿ 18% ಪದ್ಧತಿಯಲ್ಲಿ ಸಾಮಾನಿನ 1,90,000ದೊಳಗೆ ಆಗಲೇ ಕಟ್ಟಿದ ಸುಮಾರು 28,980 ತೆರಿಗೆ ಕ್ರೆಡಿಟ್ ಆಗಿ ವಾಪಸು ಸಿಗುತ್ತದೆ (2025ರ ಸೆಪ್ಟೆಂಬರ್ 22ರಿಂದ ಸಿಮೆಂಟೂ 28ರಿಂದ 18ಕ್ಕೆ ಇಳಿದಿದೆ). ಮಾಲೀಕರಿಗೆ ಒಟ್ಟು ಹೆಚ್ಚಾಗುವುದು 19,800, ಅಂದರೆ 1,10,000ದ ಮೇಲಿನ 18% ಅಷ್ಟೇ. ಗುತ್ತಿಗೆದಾರನಿಗೆ ನಷ್ಟವಿಲ್ಲ. ಕೆಡುವುದು ಎಲ್ಲಿ ಎಂದರೆ, ಸ್ಯಾನಿಟರಿ ಅಂಗಡಿಯ ಬಿಲ್ಲಿನಲ್ಲಿ ಜಿಎಸ್‌ಟಿ ನಂಬರ್ ಹಾಕಿಸದೆ ಬಂದರೆ, ಇಲ್ಲವೇ ಅಂಗಡಿಯವರು ತಮ್ಮ ರಿಟರ್ನ್ ಹಾಕದೆ ಬಿಟ್ಟರೆ. ಆ ಬಿಲ್ಲು ಕ್ರೆಡಿಟ್ ತೋರಿಸುವ ಜಿಎಸ್‌ಟಿ ಪಟ್ಟಿಯಾದ ಜಿಎಸ್‌ಟಿಆರ್-2ಬಿಯಲ್ಲಿ ಬರುವುದೇ ಇಲ್ಲ. ತಿಂಗಳಿಗೊಮ್ಮೆ ಅದನ್ನು ತಾಳೆ ನೋಡುವುದು ಸಲಹೆಗಾರರ ಕೆಲಸ. ಈ ಪ್ಯಾಕೇಜಿನಲ್ಲಿ ಅದಕ್ಕೆ ‘ಎಕ್ಸ್‌ಟ್ರಾ’.

ಇಎಸ್‌ಐ ಭಾಗ ಪರವಾಗಿಲ್ಲ. 10 ಆಳಾದರೆ ಅನ್ವಯ, ಒಮ್ಮೆ ಬಂದರೆ ಸಂಖ್ಯೆ ಇಳಿದರೂ ಬಿಡುವುದಿಲ್ಲ ಎಂಬುದನ್ನು ಸರಿಯಾಗಿ ಹೇಳುತ್ತಾರೆ. ತಿಂಗಳ ಸಂಬಳ 21,000 ಮಿತಿ. ಹೆಲ್ಪರ್‌ಗೆ ದಿನಕ್ಕೆ 700ರಂತೆ 26 ದಿನ ಹಿಡಿದರೆ 18,200: ಗುತ್ತಿಗೆದಾರನ ಪಾಲು 3.25%, ಅಂದರೆ 591.50; ಕೆಲಸಗಾರನದು 0.75%, 136.50. ದಿನಕ್ಕೆ 900 ಪಡೆಯುವ ಗಾರೆಯವನು ತಿಂಗಳು ಪೂರ್ತಿ ಬಂದರೆ ಮಿತಿಯಿಂದ ಆಚೆ. ಪಿಎಫ್‌ಗೆ 20 ಆಳು ಬೇಕು.

ಬಟವಾಡೆಯ ವಿಷಯ ಪ್ಯಾಕೇಜಿನಲ್ಲಿ ಬರುವುದೇ ಇಲ್ಲ. ವಾರದ ಕೂಲಿಯನ್ನು ರಜೆಗೆ ಮುಂಚಿನ ಕೊನೆಯ ಕೆಲಸದ ದಿನವೇ ಕೊಡಬೇಕು. ಮೈಸೂರಿನ ಶನಿವಾರದ ಬಟವಾಡೆಗೆ ಇದು ಹೊಂದುತ್ತದೆ. ಹೊಂದದಿರುವುದು, ಆಳು ಬಿಟ್ಟು ಹೋಗದಿರಲೆಂದು ಒಂದು ವಾರದ ದುಡ್ಡು ಹಿಡಿದಿಡುವ ಹಳೇ ಚಾಳಿ. ಬಿಟ್ಟವರಿಗೆ ಎರಡು ಕೆಲಸದ ದಿನದೊಳಗೆ ಲೆಕ್ಕ ಚುಕ್ತಾ ಆಗಬೇಕು ಎನ್ನುತ್ತದೆ ವೇತನ ಸಂಹಿತೆ. ಹಾಜರಿ ಪುಸ್ತಕದಲ್ಲಿ ಮುಂಗಡಕ್ಕೆ ಬೇರೆ ಕಾಲಂ ಹಾಕಿ ಸಹಿ ತೆಗೆದುಕೊಂಡರೆ ಅರ್ಧ ಜಗಳ ಅಲ್ಲೇ ಮುಗಿಯುತ್ತದೆ.

ನೇಮಕಾತಿ ಪತ್ರ ನೋಡಿದರೆ ನಗು ಬರುತ್ತದೆ. ಆರು ಪುಟ ಇಂಗ್ಲಿಷ್, ಸಾಫ್ಟ್‌ವೇರ್ ಕಂಪನಿಯಿಂದ ಎತ್ತಿದ್ದು. ಕಲಸುವ ಹೆಲ್ಪರ್‌ಗೆ ‘ಗೌಪ್ಯತೆಯ ಕರಾರು’ ಎಂಬ ಷರತ್ತೂ ಇದೆ. ಕನ್ನಡದಲ್ಲಿ ಒಂದು ಪುಟ ಸಾಕು: ಹೆಸರು, ಕೆಲಸ, ದಿನಗೂಲಿ, ವೇಳೆ, ಬಟವಾಡೆ ದಿನ, ಸೇರಿದ ತಾರೀಖು.

ಕಾರ್ಮಿಕರ ಕಾರ್ಡಿನಲ್ಲಿ ಮಾತ್ರ ಹುಷಾರು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಗೆ ವಯಸ್ಸು 18ರಿಂದ 60, ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ. ರಿಪೇರಿ, ಬದಲಾವಣೆ, ಒಡೆಯುವ ಕೆಲಸವೂ ಲೆಕ್ಕಕ್ಕೆ ಬರುತ್ತದೆ. ಉದ್ಯೋಗ ಪ್ರಮಾಣಪತ್ರಕ್ಕೆ ಸಹಿ ಹಾಕುವುದು ಗುತ್ತಿಗೆದಾರ. ಕಚೇರಿಯವರು ಖಾಲಿ ನಮೂನೆಗಳ ಕಟ್ಟಿಗೆ ಮುಂಚಿತವಾಗಿ ಸಹಿ ಕೇಳುತ್ತಾರೆ; ಕೊಡಬೇಡಿ. ಬೋಗಸ್ ಕಾರ್ಡುಗಳನ್ನು ಮಂಡಳಿ ರದ್ದು ಮಾಡುತ್ತಿರುವಾಗ ನಿಮ್ಮ ಸಹಿ ಯಾವ ಅಂಗಡಿಯವನ ಅರ್ಜಿಯಲ್ಲಿದೆಯೋ ಹೇಳಲಾಗದು.

ಇನ್ನು ಬೇಕಿದ್ದೂ ಇಲ್ಲದ ಒಂದು ಬಾಬ್ತು: ಅಪಘಾತ ಪರಿಹಾರದ ವಿಮೆ. ಇಎಸ್‌ಐ ಇಲ್ಲದ ಆಳು ಸಾರುವೆಯಿಂದ ಬಿದ್ದರೆ ಪರಿಹಾರ ನೇರವಾಗಿ ಗುತ್ತಿಗೆದಾರನ ಹೊಣೆ. ಪ್ಯಾಕೇಜ್ ತೆಗೆದುಕೊಳ್ಳುವುದಿದ್ದರೆ ಲೇಬರ್ ಲೈಸೆನ್ಸ್, ಉದ್ಯಮ್ ಎರಡನ್ನೂ ತೆಗೆಸಿ, 2ಬಿ ತಾಳೆಯನ್ನು ಒಳಗೆ ಸೇರಿಸಿ ದರ ಮಾತಾಡಿ. ವಿಮೆಗೆ ಬೇರೆ ಕಡೆ ಕೇಳಿ, ಪಾಲಿಸಿಯಲ್ಲಿ ‘ಒಡೆಯುವ ಕೆಲಸ’ ಸೇರಿದೆಯೇ ಎಂದು ಓದಿಸಿಕೊಂಡು ಸಹಿ ಮಾಡಿ.